ಕಟ್ಟೆಯ ಮೇಲಿಂದ ಕಂಪನಿ ಅಳೆಯುವ ಕ್ರಮ

ಮೊದಲು ಜಾಗ ಹಿಡಿಯಿರಿ. ದೊಡ್ಡ ಕಂಪನಿಗಳ ಪೈಪೋಟಿಯ ತಂತ್ರ ಬಿಡಿಸಿ ಹೇಳಲು ಪದವಿ ಬೇಕಿಲ್ಲ, ಅವುಗಳ ಜಮಾಖರ್ಚು ಓದಲು ಬರಬೇಕಿಲ್ಲ. ಬೆನ್ನಿಗೆ ಒಂದು ಗೋಡೆ ಇದ್ದರೆ ಸಾಕು. ನಮ್ಮೂರು ಮಿಶ್ರಿಕೋಟಿಯಲ್ಲಿ ನಾನು ಹಿಡಿದಿರುವ ಜಾಗ ಚಹಾದಂಗಡಿಗೂ ಕಿರಾಣಿ ಅಂಗಡಿಗೂ ನಡುವಿನ ಕಟ್ಟೆ. ಹುಬ್ಬಳ್ಳಿ ಬಸ್ಸಿಗೆ ಕಾಯುವ ಹುಡುಗರು ಬರುವ ಮೊದಲೇ ಹೋಗಿ ಕೂಡಿ. ನಿಂತು ಮಾತಾಡುವವನನ್ನು ಜನ ಬಸ್ಸಿಗೆ ಕಾಯುವವನೆಂದು ತಿಳಿಯುತ್ತಾರೆ, ಕೂತು ಮಾತಾಡುವವನನ್ನು ತಿಳಿದವನೆಂದು.

ಅರ್ಧ ಚಹಾ ಹೇಳಿ, ಲೆಕ್ಕಕ್ಕೆ ಬರೆಸಿ. ಬಾಯಿಬಿಡಲು ಅವಸರ ಮಾಡಬೇಡಿ. ಪೇಪರು ಮಡಚಿ, ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ, ಯಾರ ಕಡೆಗೂ ನೋಡದೆ "ಅವರ ಲೆಕ್ಕಾಚಾರನ ಬ್ಯಾರೆ ಐತಿ" ಎಂದು ಹೇಳಿ ಸುಮ್ಮನಾಗಿ. ಎರಡು ನಿಮಿಷದೊಳಗೆ ಒಬ್ಬ "ಯಾರ್ದುರೀ ಕಾಕಾ?" ಎಂದು ಕೇಳಿಯೇ ಕೇಳುತ್ತಾನೆ. ಅಲ್ಲಿಗೆ ನಿಮ್ಮ ಅಂಗಡಿಯ ಬಾಗಿಲು ತೆರೆಯಿತು.

ಕಂಪನಿ ಆರಿಸುವಾಗ ದೊಡ್ಡದನ್ನೇ ಆರಿಸಿ. ಊರಿನ ಹೆಸರಿನಲ್ಲೇ ಕೋಟಿ ಇದ್ದಮೇಲೆ ಸಾವಿರ ಕೋಟಿಗಿಂತ ಕಡಿಮೆಯ ಕಂಪನಿಯನ್ನು ಕೈಗೆತ್ತಿಕೊಳ್ಳುವುದು ಊರಿಗೆ ಅವಮಾನ. ದೂರದ್ದನ್ನು ಆರಿಸಿ, ಹತ್ತಿರದ್ದನ್ನು ಮುಟ್ಟಬೇಡಿ. ಹತ್ತಿರದ ಕಂಪನಿಯ ವಿಷಯ ತೆಗೆದರೆ ಅಲ್ಲಿ ಕೆಲಸ ಮಾಡಿದವನೊಬ್ಬ ಕಟ್ಟೆಯ ಆಚೆ ತುದಿಯಲ್ಲಿ ಕೂತಿರುತ್ತಾನೆ. ಈ ಎಚ್ಚರಿಕೆ ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ವಿಜಯ ಸಂಕೇಶ್ವರರ ಕತೆ ಎತ್ತಿದೆ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರು ಮಾಡಿದವರು, ಹುಬ್ಬಳ್ಳಿಯಲ್ಲಿ ಬೆಳೆದವರು, 1999ರಲ್ಲಿ ‘ವಿಜಯ ಕರ್ನಾಟಕ’ ತೆಗೆದು ದರ ಇಳಿಸಿ ಹಳೆಯ ಪತ್ರಿಕೆಗಳ ನಿದ್ದೆ ಕೆಡಿಸಿದವರು, 2006ರಲ್ಲಿ ಅದನ್ನು ಟೈಮ್ಸ್ ಗುಂಪಿಗೆ ಮಾರಿ 2012ರಲ್ಲಿ ‘ವಿಜಯವಾಣಿ’ ತಂದವರು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಚೆಂದದ ಪೈಪೋಟಿಯ ಪಾಠ ಇನ್ನೊಂದಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ನಾನು "ಇದು ಮಾಧ್ಯಮ ಕ್ರಾಂತಿ" ಎಂದು ಪೀಠಿಕೆ ಹಾಕುತ್ತಿದ್ದಂತೆ ಲಾರಿ ಓಡಿಸಿ ನಿವೃತ್ತನಾದ ಒಬ್ಬ ಮಾಮಾ ಬೀಡಿ ಆರಿಸಿ ಹೇಳಿದ: "ರಾತ್ರಿ ಓಡೂ ಗಾಡಿ ಇದ್ದವಂಗ ಬೆಳಗಿನ ಪೇಪರ ಮುಟ್ಟಸೂದು ಏನ ತ್ರಾಸರೀ?" ಎರಡು ತಾಸಿನ ಉಪನ್ಯಾಸ ಅಲ್ಲೇ ಸತ್ತಿತು. ಅಂದಿನಿಂದ ನಾನು ಅಮೆರಿಕದ ಈಚೆಗೆ ಬರುವುದು ಕಡಿಮೆ.

ಇನ್ನು ಶಬ್ದಗಳು. ಐದಾರು ಸಾಕು, ದಿನಕ್ಕೆ ಎರಡರಂತೆ ಖರ್ಚು ಮಾಡಿ. ಹಾರ್ವರ್ಡ್‌ನ ಮೈಕಲ್ ಪೋರ್ಟರ್ 1979ರಲ್ಲಿ ಐದು ಬಲಗಳ ಲೆಕ್ಕ ಬರೆದ: ಹೊಸದಾಗಿ ಒಳಗೆ ಬರುವವನ ಭಯ, ಕೊಳ್ಳುವವನ ಬಲ, ಸಾಮಾನು ಒದಗಿಸುವವನ ಬಲ, ಬದಲಿಗೆ ಸಿಗುವ ಮಾಲು, ಮತ್ತು ಈಗಾಗಲೇ ಒಳಗಿರುವವರ ಜಗಳ. ಇದನ್ನು ಹೆಬ್ಬೆರಳಿನಿಂದ ಶುರು ಮಾಡಿ ಎಣಿಸಿ. ಆರನೆಯ ಬಲ ಇದೆಯೇ ಎಂದು ಯಾರಾದರೂ ಕೇಳಿದರೆ "ಸರ್ಕಾರ" ಎನ್ನಿ. ಅದು ಯಾವ ಚರ್ಚೆಗೂ ಹೊಂದುತ್ತದೆ.

ಬಾಸ್ಟನ್ನಿನ ಸಲಹೆಗಾರರು 1970ರಲ್ಲಿ ಮಾಡಿದ ಆಕಳು-ನಾಯಿ ಕೋಷ್ಟಕವನ್ನು ಮಾತ್ರ ಹಳ್ಳಿಯಲ್ಲಿ ಬಿಚ್ಚಬೇಡಿ. ಕಂಪನಿಯ ಒಂದೊಂದು ಧಂದೆಯೂ ನಕ್ಷತ್ರ, ಆಕಳು, ನಾಯಿ ಅಥವಾ ಪ್ರಶ್ನಾರ್ಥಕ ಚಿಹ್ನೆ. ಆಕಳಿಗೆ ಹೆಚ್ಚು ದುಡ್ಡು ಸುರಿಯಬಾರದು, ಅದರ ಹಾಲು ಹಿಂಡಿ ನಕ್ಷತ್ರಕ್ಕೆ ಕುಡಿಸಬೇಕು ಎಂಬುದು ಅದರ ಸಾರ. ನಾನು ಇದನ್ನು ಹೇಳಿದ ದಿನ ಡೇರಿಗೆ ಹಾಲು ಹಾಕಿ ಬಂದ ಹೆಣ್ಣುಮಗಳೊಬ್ಬಳು ಕ್ಯಾನು ಕೆಳಗಿಟ್ಟು, "ಹಿಂಡಿ ಹಾಕಲಾರದ ಹೆಂಗ ಹಿಂಡತಾರರೀ ಯಣ್ಣಾ? ಅವರ ಆಕಳ ಎಷ್ಟ ದಿನ ಬಾಳೇವು ಮಾಡೀತು?" ಎಂದಳು. ಇಂಥ ಹೊತ್ತಿನಲ್ಲಿ ಉತ್ತರ ಹುಡುಕಬೇಡಿ. ಮಳೆಯ ವಿಷಯ ತೆಗೆಯಿರಿ.

ಇಷ್ಟು ತಯಾರಿ ಆದಮೇಲೆ ಕಸುಬಿನ ಮೂಲಮಂತ್ರಕ್ಕೆ ಬನ್ನಿ: ಫಲಿತಾಂಶ ಬರುವವರೆಗೆ ಬಾಯಿ ಬಿಡಬೇಡಿ, ಬಂದಮೇಲೆ ಮುಚ್ಚಬೇಡಿ. ಗೆದ್ದವನ ಪ್ರತಿಯೊಂದು ಹೆಜ್ಜೆಯನ್ನೂ ತಂತ್ರ ಎನ್ನಿ, ಸೋತವನ ಅದೇ ಹೆಜ್ಜೆಯನ್ನು ಹುಂಬತನ ಎನ್ನಿ. ಅಭ್ಯಾಸಕ್ಕೆ ಏರ್ ಡೆಕ್ಕನ್ ತೆಗೆದುಕೊಳ್ಳಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸೈನ್ಯದಿಂದ ಬಂದು ಹೊಲ ಮಾಡಿ ರೇಷ್ಮೆ ಬೆಳೆದವರು, 2003ರಲ್ಲಿ ಅಗ್ಗದ ವಿಮಾನ ಹಾರಿಸಿದರು. ಮೊದಲ ದಿನಗಳಲ್ಲೇ ಅದು ಹುಬ್ಬಳ್ಳಿಗೂ ಬಂತು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಗುರುತು. ಕೆಲವು ಟಿಕೀಟು ಒಂದು ರೂಪಾಯಿಗೂ ಸಿಕ್ಕವು. ಆ ದಿನಗಳಲ್ಲಿ ನೀವು ಕಟ್ಟೆಯ ಮೇಲೆ ಇದ್ದಿದ್ದರೆ ಹೀಗೆ ಹೇಳಬೇಕಿತ್ತು: ದರ ಕಡಿಮೆ, ಜನ ಹೆಚ್ಚು, ಊಟ ಕೊಡುವುದಿಲ್ಲ, ಸಣ್ಣ ಊರುಗಳನ್ನು ಹಿಡಿದಿದ್ದಾರೆ, ಅದಕ್ಕೇ ಗೆಲ್ಲುತ್ತಾರೆ.

2005ರಲ್ಲಿ ಕಿಂಗ್‌ಫಿಶರ್ ಬಂತು. ಅಲ್ಲಿ ಎಲ್ಲ ಉಲ್ಟಾ: ಚೆಂದದ ಕುರ್ಚಿ, ಪ್ರತಿ ಕುರ್ಚಿಗೆ ಪರದೆ, ರುಚಿಯಾದ ಊಟ. ಆಗ ಹೇಳಿ: ಗಿರಾಕಿಗೆ ಅನುಭವ ಬೇಕು, ಇವರು ಅನುಭವ ಮಾರುತ್ತಾರೆ, ಅದಕ್ಕೇ ಗೆಲ್ಲುತ್ತಾರೆ. ನಿನ್ನೆ ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗುವುದಿಲ್ಲವಲ್ಲ ಎಂದು ಗಾಬರಿ ಬೇಡ, ನಿನ್ನೆ ಕೇಳಿದವರು ಇವತ್ತು ಹತ್ತಿ ಬಿಡಿಸಲು ಹೋಗಿರುತ್ತಾರೆ. 2007ರಲ್ಲಿ ವಿಜಯ ಮಲ್ಯ ಡೆಕ್ಕನ್ನಿನ ಪಾಲು ಕೊಂಡರು, ಮರುವರ್ಷ ಎರಡೂ ಒಂದಾದವು, ಅಗ್ಗದ ವಿಮಾನಕ್ಕೆ ‘ಕಿಂಗ್‌ಫಿಶರ್ ರೆಡ್’ ಎಂದು ಕೆಂಪು ಬಳಿದರು. ಈಗ ಹೇಳಬೇಕಾದದ್ದು: ಅಗ್ಗ ಮತ್ತು ಅನುಭವ ಒಂದೇ ಸೂರಿನಡಿ ಬಂದವು, ಇನ್ನು ಇವರನ್ನು ಹಿಡಿಯುವವರಿಲ್ಲ. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಕನ್ನಡಕ ಒರೆಸಿ ಹೇಳಿ: "ಅಗ್ಗದ್ದು ತುಟ್ಟೀದು ಒಂದ ಕೊಟ್ಟಿಗ್ಯಾಗ ಕಟ್ಟಬಾರದು, ಅವತ್ತ ಹೇಳಿದ್ನಿಲ್ಲ?"

ಇಲ್ಲಿ ಒಂದು ಅಂಶವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. 2006ರಲ್ಲಿ ಇಂಡಿಗೋ ಎಂಬ ಇನ್ನೊಂದು ಅಗ್ಗದ ವಿಮಾನ ಬಂದಿತ್ತು. ಅದರವರು ಒಂದೇ ನಮೂನೆಯ ವಿಮಾನ ಇಟ್ಟುಕೊಂಡು, ಊಟ ಮಾರಿಕೊಂಡು, ಹೊತ್ತಿಗೆ ಸರಿಯಾಗಿ ಹಾರುತ್ತ ಹೋದರು. ಕಟ್ಟೆಯ ಮೇಲೆ ಅದರ ಬಗ್ಗೆ ಯಾರೂ ಮಾತಾಡಲಿಲ್ಲ, ಯಾಕೆಂದರೆ ಅದರಲ್ಲಿ ಮಾತಾಡುವಂಥದ್ದು ಏನೂ ಇರಲಿಲ್ಲ. ಬೇಸರದ ಕಂಪನಿಯನ್ನು ಯಾವತ್ತೂ ಎತ್ತಿಕೊಳ್ಳಬೇಡಿ. ಗೋಪಿನಾಥರ ಬದುಕಿನ ಎಳೆ ಹಿಡಿದು 2020ರಲ್ಲಿ ತಮಿಳಿನಲ್ಲಿ ‘ಸೂರರೈ ಪೋಟ್ರು’ ಸಿನಿಮಾ ಬಂತು. ಸಿನಿಮಾ ಆಗದ ತಂತ್ರ ಕಟ್ಟೆಗೂ ಆಗುವುದಿಲ್ಲ.

ಫುಕಟ್ ಕೊಡುವ ಕಂಪನಿಯನ್ನು ವಿಶ್ಲೇಷಿಸುವುದು ಅತ್ಯಂತ ಸುಲಭ, ಹೊಸಬರು ಅಲ್ಲಿಂದಲೇ ಶುರು ಮಾಡಲಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಮಾತು ಫ್ರೀ, ಡೇಟಾ ಫ್ರೀ, ಮೊದಲು ಡಿಸೆಂಬರ್‌ವರೆಗೆ ಎಂದರು, ಆಮೇಲೆ ಮಾರ್ಚ್ 31ರವರೆಗೆ ಎಂದರು. ಗೋವಿನಜೋಳ ಕಾಯಲು ಹೋದ ಹುಡುಗರು ಗುಡಿಸಲಿನಲ್ಲಿ ಕೂತು ಇಡೀ ರಾತ್ರಿ ಸಿನಿಮಾ ನೋಡಿದರು, ಹಂದಿಗಳು ಇಡೀ ರಾತ್ರಿ ತೆನೆ ತಿಂದವು. ಆಗ "ಇದು ಬಡವರ ಮೇಲಿನ ಪ್ರೀತಿ" ಎನ್ನುವವರು ಒಂದು ಕಡೆ, "ಇದು ಮೋಸ" ಎನ್ನುವವರು ಇನ್ನೊಂದು ಕಡೆ ಆಗುತ್ತಾರೆ. ನೀವು ನಡುವೆ ಕೂತು ಎರಡಕ್ಕೂ ತಲೆಯಾಡಿಸಿ.

ರಿಚಾರ್ಜ್ ಅಂಗಡಿಯ ಹಳೆಯ ತಗಡಿನ ಕಡೆ ಮಾತ್ರ ಯಾರನ್ನೂ ಕರೆದುಕೊಂಡು ಹೋಗಬೇಡಿ. ಅಲ್ಲಿ ಇನ್ನೂ ಏರ್‌ಸೆಲ್, ಡೊಕೊಮೊ, ಯೂನಿನಾರ್, ರಿಲಯನ್ಸ್ ಎಂದು ಅರ್ಧ ಮಾಸಿದ ಅಕ್ಷರ ಇರುತ್ತವೆ. ಕೆಲವು ದಿವಾಳಿ ಎದ್ದವು, ಕೆಲವು ಏರ್‌ಟೆಲ್‌ನ ಹೊಟ್ಟೆಗೆ ಹೋದವು, ಐಡಿಯಾ ಮತ್ತು ವೊಡಾಫೋನ್ 2018ರ ಆಗಸ್ಟಿನಲ್ಲಿ ಒಂದಾದವು. ಈಗ ಖಾಸಗಿಯಲ್ಲಿ ಮೂರು, ಸರ್ಕಾರದ್ದು ಒಂದು. ತಗಡನ್ನು ಓದಲು ಬರುವ ಯಾವ ಐದನೇ ಇಯತ್ತೆಯ ಹುಡುಗನಾದರೂ ಆ ಫುಕಟ್ ಯಾಕೆ ಕೊಟ್ಟಿದ್ದರು, ದರ ಆಮೇಲೆ ಯಾಕೆ ಏರಿತು ಎಂದು ಹೇಳಿಬಿಡುತ್ತಾನೆ, ನಿಮ್ಮ ಚಹಾಕ್ಕೆ ಕಲ್ಲು ಬೀಳುತ್ತದೆ.

ಬದಲಿಗೆ ಮದುವೆಯ ಕಡೆ ತಿರುಗಿಸಿ. 2024ರ ಜುಲೈ ಮೊದಲ ವಾರ ರಿಚಾರ್ಜ್ ದರ ಏರಿತು, ಜುಲೈ 12ಕ್ಕೆ ಜಿಯೋದ ಅಂಬಾನಿಯವರ ಮನೆಯ ಮದುವೆ ಇತ್ತು. ನಮ್ಮ ಕಟ್ಟೆ ಅರ್ಧ ತಾಸಿನಲ್ಲಿ ಎರಡಕ್ಕೂ ಗಂಟು ಹಾಕಿತು, "ಆಹೇರಿ ನಮ್ಮ ಕಡೆಯಿಂದನ ಹೋತು" ಎಂದಿತು. ಅದೇ ವಾರ ಮೂರೂ ಕಂಪನಿಗಳು ದರ ಏರಿಸಿದ್ದವು, ಉಳಿದ ಇಬ್ಬರ ಮನೆಯಲ್ಲಿ ಮದುವೆ ಇರಲಿಲ್ಲ. ಇದನ್ನು ಹೇಳಿದರೆ ಜನ ಎದ್ದು ಹೋಗುತ್ತಾರೆ. ನಾನು ಹೇಳಿ ನೋಡಿದ್ದೇನೆ.

ಈಗ ನಿಮ್ಮ ಬಲಗಡೆಗೆ, ಕಿರಾಣಿ ಅಂಗಡಿಯ ಬಾಗಿಲಲ್ಲಿ ಒಂದು ಗಾಜಿನ ಫ್ರಿಜ್ ಇದೆ. ಅದನ್ನು ನೋಡಬೇಡಿ. ತಂಪು ಪಾನೀಯದ ಮಾತು ಬಂದಾಗ ಗುಟ್ಟಿನ ಸೂತ್ರದಿಂದಲೇ ಶುರು ಮಾಡಿ. 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟಿತು. ವಿದೇಶಿ ಕಂಪನಿಗಳು ತಮ್ಮ ಪಾಲು ಇಳಿಸಿಕೊಳ್ಳಬೇಕೆಂಬ ಕಾನೂನು, ಸೂತ್ರ ಬಿಟ್ಟುಕೊಡಲು ಒಪ್ಪದ ಹಟ. ಆಗ ಕೈಗಾರಿಕಾ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಸರ್ಕಾರ ತನ್ನದೇ ಪಾನೀಯ ಮಾಡಲು ಹೊರಟಿತು. ಸೂತ್ರ ತಯಾರಾದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ, ಬಾಟಲಿಗೆ ತುಂಬಿದ್ದು ಸರ್ಕಾರಿ ಬ್ರೆಡ್ ಕಂಪನಿ ಮಾಡರ್ನ್, ಹೆಸರು ‘ಡಬಲ್ ಸೆವೆನ್’. ಸರ್ಕಾರ ಬಿದ್ದಮೇಲೆ ಅದೂ ಉಳಿಯಲಿಲ್ಲ. ಆ ಖಾಲಿ ಜಾಗದಲ್ಲಿ ಪಾರ್ಲೆಯವರ ಥಮ್ಸ್ ಅಪ್ ಬೆಳೆಯಿತು, ಕ್ಯಾಂಪಾ ಬೆಳೆಯಿತು. 1993ರಲ್ಲಿ ಕೋಕ್ ತಿರುಗಿ ಬಂದಾಗ ಥಮ್ಸ್ ಅಪ್ಪನ್ನು ಹೊಡೆಯುವ ಬದಲು ಕೊಂಡೇಬಿಟ್ಟಿತು. ಕ್ಯಾಂಪಾವನ್ನು 2022ರಲ್ಲಿ ರಿಲಯನ್ಸ್ ಕೊಂಡು ಮರುವರ್ಷ 200 ಮಿಲಿ ಬಾಟಲಿಯನ್ನು 10 ರೂಪಾಯಿಗೆ ಬಿಟ್ಟಿತು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಕಟ್ಟೆ ಬೆರಗಾಗಿರಬೇಕು. ಆ ಗಳಿಗೆಯಲ್ಲಿ ಕಿರಾಣಿ ಅಂಗಡಿಯ ಸಾವಕಾರರನ್ನು ಮಾತಿಗೆ ಎಳೆಯಬೇಡಿ. ನಾನು ಎಳೆದೆ. "ಸಾವಕಾರ್ರ, ಇಷ್ಟ ವರ್ಷ ಮಾರೀರಿ, ಗೆಲ್ಲೂ ಕಂಪನಿ ಯಾಕ ಗೆಲ್ಲತೈತಿ?" ಎಂದೆ. ಅವರು ಸಕ್ಕರೆ ತೂಗುತ್ತಲೇ, "ಫ್ರಿಜ್ ಕೊಟ್ಟಾರಲ್ರೀ" ಎಂದರು. ಸೂತ್ರ, ಫರ್ನಾಂಡಿಸ್, ಮೈಸೂರು, ಎಲ್ಲ ಒಂದು ಚೀಲಕ್ಕೆ ಹೋಯಿತು.

ಫ್ರಿಜ್ಜಿನ ಕತೆ ಇಷ್ಟೇ, ನೀವು ಯಾರಿಗೂ ಹೇಳಬೇಡಿ. ಕಂಪನಿ ಫ್ರಿಜ್ ಕೊಡುತ್ತದೆ, ಮೈತುಂಬ ತನ್ನ ಹೆಸರು ಬರೆಸಿರುತ್ತದೆ, ಒಳಗೆ ತನ್ನ ಬಾಟಲಿ ಬಿಟ್ಟು ಬೇರೆಯದನ್ನು ಇಡಬಾರದು ಎನ್ನುತ್ತದೆ. ಕರೆಂಟು ಬಿಲ್ಲು ಮಾತ್ರ ಸಾವಕಾರರದು. ಏಜೆನ್ಸಿಯ ಹುಡುಗ ವಾರಕ್ಕೊಮ್ಮೆ ಬಂದು ಬಾಗಿಲು ತೆಗೆದು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾನೆ. ಅವನ ಬೈಕಿನ ಸಪ್ಪಳ ಕೇಳಿದ ಕೂಡಲೇ ಸಾವಕಾರರ ಮೊಮ್ಮಗಳು ಹಾಲಿನ ಪಾಕೀಟು, ಮಲ್ಲಿಗೆ ದಂಡಿ, ನಿನ್ನೆಯ ಬದನಿಕಾಯಿ ಪಲ್ಲೆ, ಅಜ್ಜನ ಕಣ್ಣಿನ ಹನಿ ಔಷಧಿ, ಬೇರೆ ಕಂಪನಿಯ ಬಾಟಲಿ ಎಲ್ಲವನ್ನೂ ಹೊರಗೆ ತೆಗೆದು ಬುಟ್ಟಿಗೆ ಹಾಕಿ ಗೋಣಿ ಮುಚ್ಚುತ್ತಾಳೆ. ಫೋಟೋ ಚೆಂದ ಬರುತ್ತದೆ. ಹುಡುಗ ಹೋದಮೇಲೆ ಎಲ್ಲ ಮತ್ತೆ ಒಳಗೆ. ಎಲ್ಲೋ ದೂರದ ಆಫೀಸಿನಲ್ಲಿ ಯಾರೋ ಆ ಫೋಟೋ ನೋಡಿ ಮಿಶ್ರಿಕೋಟಿಯಲ್ಲಿ ನಮ್ಮ ಪಾಲು ನೂರಕ್ಕೆ ನೂರು ಎಂದು ಬರೆದುಕೊಳ್ಳುತ್ತಿರಬೇಕು. ಅವರೂ ನಮ್ಮಂಥ ವಿಶ್ಲೇಷಕರೇ, ಅವರಿಗೆ ಪಗಾರ ಇದೆ, ಅಷ್ಟೇ ಅಂತರ.

ಸ್ಕೀಮಿನ ವಿಷಯದಲ್ಲೂ ಇದೇ ಎಚ್ಚರ ಇರಲಿ. ಹನ್ನೆರಡಕ್ಕೆ ಒಂದು ಫ್ರೀ ಸಿಗುವ ಸೋಪು ಕೌಂಟರಿನ ಮುಂದೆ ಬರುತ್ತದೆ, ಸಿಗದ ಸೋಪು ಮೇಲಿನ ಹಲಗೆಗೆ ಏರುತ್ತದೆ. ಬಿಸ್ಕಿಟ್ ಪಾಕೀಟಿನ ದರ ಐದೇ ರೂಪಾಯಿ ಇರುತ್ತದೆ, ಬಿಸ್ಕಿಟ್ ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ತೂಕದ ಅಂಕಿಯನ್ನು ಓದುವವರು ತಜ್ಞರಾಗಲಾರರು. ಹೊದಿಕೆಯ ಬಣ್ಣ ನೋಡಿ, ಬ್ರ್ಯಾಂಡಿನ ಆತ್ಮದ ಬಗ್ಗೆ ಮಾತಾಡಿ.

ಬೀಜದ ಅಂಗಡಿಗೆ ಹೋದಾಗಲಂತೂ ಪಾಕೀಟಿನ ಚಿತ್ರವನ್ನೇ ನೋಡಿ. ಮುಂಗಾರಿಗೆ ಮುಂಚೆ ಕಲಘಟಗಿಯಲ್ಲೋ ಹುಬ್ಬಳ್ಳಿಯಲ್ಲೋ ಹತ್ತಿ ಬೀಜದ ಪಾಕೀಟುಗಳ ಸಾಲು ನೋಡಿದರೆ ಎದೆ ತುಂಬುತ್ತದೆ. ಒಂದರ ಮೇಲೆ ಪೈಲ್ವಾನ, ಒಂದರ ಮೇಲೆ ದೇವರು, ಒಂದರ ಮೇಲೆ ಬುಟ್ಟಿ ಹೊತ್ತು ನಗುವ ಹೆಣ್ಣುಮಗಳು. ಎಷ್ಟು ಕಂಪನಿ, ಎಷ್ಟು ಪೈಪೋಟಿ, ರೈತನಿಗೆ ಎಷ್ಟು ಆಯ್ಕೆ! ಹೀಗೆ ಹೇಳಿ ಹೊರಗೆ ಬನ್ನಿ. ಒಳಗಿನ ಕಾಳಿನ ವಂಶ ಕೇಳಬೇಡಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಮೇಲೆ ಮಾನ್ಸಾಂಟೊ ತಾನೊಬ್ಬನೇ ಬೀಜ ಮಾರಲಿಲ್ಲ. ಮಹಿಕೋ ಜತೆ ಮಾಡಿಕೊಂಡ ಕಂಪನಿಯ ಮೂಲಕ ಹತ್ತಾರು ದೇಶಿ ಬೀಜ ಕಂಪನಿಗಳಿಗೆ ಅದೇ ಜೀನನ್ನು ಬಾಡಿಗೆಗೆ ಕೊಟ್ಟಿತು. ಯಾವ ಪೈಲ್ವಾನ ಗೆದ್ದರೂ, ಯಾವ ದೇವರು ಒಲಿದರೂ, ಪ್ರತಿ ಪಾಕೀಟಿನ ಮೇಲೆ ಕಾಣಿಕೆ ಒಂದೇ ಹುಂಡಿಗೆ ಬೀಳುತ್ತಿತ್ತು. 450 ಗ್ರಾಂ ಪಾಕೀಟು 1,600 ರೂಪಾಯಿ ದಾಟಿದ್ದ ಕಾಲವದು. ಆಂಧ್ರ ಸರ್ಕಾರ ಏಕಸ್ವಾಮ್ಯ ತಡೆಯುವ ಆಯೋಗದ ಬಾಗಿಲು ತಟ್ಟಿದ ಮೇಲೆ 2006ರಲ್ಲಿ 750ಕ್ಕೆ ಇಳಿಯಿತು. ಆಮೇಲೆ ಗುಲಾಬಿ ಕಾಯಿಕೊರಕ ಆ ಜೀನಿಗೂ ಒಗ್ಗಿಕೊಂಡಿತು. ಹುಳು ಐದು ಬಲಗಳ ಲೆಕ್ಕ ಓದಿರಲಿಲ್ಲ. 2018ರಲ್ಲಿ ಬೇಯರ್ ಕಂಪನಿ ಮಾನ್ಸಾಂಟೊವನ್ನೇ ಕೊಂಡು ಹೆಸರನ್ನೂ ಅಳಿಸಿತು.

ಈ ಮಾತಿನ ನಡುವೆ ಯಾರಾದರೂ ಹಿರಿಯರು ವರಲಕ್ಷ್ಮಿ, ಜಯಲಕ್ಷ್ಮಿ ಎಂದು ನೆನಪು ತೆಗೆದರೆ ಗೌರವದಿಂದ ಕೇಳಿಸಿಕೊಳ್ಳಿ, ಮುಂದುವರಿಸಬೇಡಿ. ವರಲಕ್ಷ್ಮಿ 1972ರದು, ಜಯಲಕ್ಷ್ಮಿ ಎಂಬ ಡಿಸಿಎಚ್-32 1981ರದು. ಎರಡೂ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸರ್ಕಾರಿ ಪಗಾರದ ವಿಜ್ಞಾನಿಗಳು ಮಾಡಿದ ಹೈಬ್ರಿಡ್ ಹತ್ತಿಗಳು. ರೈತರ ಹೊಲಗಳಲ್ಲಿ ಹರಡಿದವು. ಪೈಪೋಟಿಯೇ ಇಲ್ಲದ್ದನ್ನು ವಿಶ್ಲೇಷಿಸುವ ವಿದ್ಯೆ ನಮ್ಮಲ್ಲಿಲ್ಲ.

ಇತಿಹಾಸವನ್ನು ಉಪ್ಪಿನಕಾಯಿಯಂತೆ ಬಳಸಿ, ಎಲೆಯ ತುದಿಗೆ ಸ್ವಲ್ಪ. ಈ ಸೀಮೆಗೆ ಬಂದ ಮೊದಲ ದೊಡ್ಡ ಕಂಪನಿ ಫ್ರಿಜ್ ತರಲಿಲ್ಲ, ಫೌಜು ತಂದಿತ್ತು. 1817-18ರಲ್ಲಿ ಪೇಶ್ವೆಯವರ ಕೈಯಿಂದ ಧಾರವಾಡ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಮುಂದೆ ಇಲ್ಲಿ ಅಮೆರಿಕದ ಹತ್ತಿ ಬೆಳೆಸಿದರು, ‘ಧಾರವಾಡ ಅಮೆರಿಕನ್’ ಎಂದು ಪೇಟೆಯಲ್ಲಿ ಹೆಸರಾಯಿತು. ಅದನ್ನು ನೇರವಾಗಿ ಕೊಳ್ಳಲು ಮ್ಯಾಂಚೆಸ್ಟರಿನ ಗಿರಣಿಯವರು 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿ, ಕಾರವಾರದ ಪಕ್ಕದ ಸದಾಶಿವಗಡಕ್ಕೆ ಹಡಗಿನಲ್ಲಿ ಯಂತ್ರ ಕಳಿಸಿದರು. ಅಮೆರಿಕದಲ್ಲಿ ಯುದ್ಧ ಹತ್ತಿ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ. ಗೆಲ್ಲಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಆದರೆ ಬಂದರು ಸಿದ್ಧವಿರಲಿಲ್ಲ, ಘಟ್ಟ ಇಳಿಯುವ ರಸ್ತೆ ಮುಗಿದಿರಲಿಲ್ಲ. ಹತ್ತಿ ಮೇಲೆ, ಯಂತ್ರ ಕೆಳಗೆ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ನೀವು ಇದನ್ನು "ಸಪ್ಲೈ ಚೈನ್ ವೈಫಲ್ಯ" ಎನ್ನಿ. ಯಾರಾದರೂ "ಅಂದ್ರ ರಸ್ತೆ ಇದ್ದಿಲ್ಲ ಅನ್ರಿ" ಎಂದರೆ, ನೋವಾದವರಂತೆ ನಕ್ಕು, "ಅಷ್ಟ ಸರಳ ಇಲ್ಲಪಾ ಅದು" ಎನ್ನಿ. ಅಷ್ಟೇ ಸರಳ ಇತ್ತು. ಈಗ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಲಾರಿಗಳ ಸದ್ದಿಗೆ ರಸ್ತೆ ಬದಿಯ ಮನೆಗಳಲ್ಲಿ ನಿದ್ದೆ ಬರುವುದಿಲ್ಲ.

ಭವಿಷ್ಯ ಕೇಳುವವರು ಬಂದೇ ಬರುತ್ತಾರೆ, ಅವರಿಗೆ ತಯಾರಿರಿ. "ಈ ಕಂಪನಿ ಉಳಿತೈತೇನ್ರಿ?" ಎಂದರೆ "ಮಾರ್ಕೆಟ್ಟಿಗೆ ತಕ್ಕಂಗ ಬದಲಾದರ ಉಳಿತೈತಿ, ಇಲ್ಲಂದ್ರ ಇಲ್ಲ" ಎಂದು ಹೇಳಿ. ಇದು ಕಂಪನಿಗೂ ಸರಿ, ಗ್ರಾಮ ಪಂಚಾಯಿತಿ ಸದಸ್ಯನಿಗೂ ಸರಿ, ಎತ್ತಿಗೂ ಸರಿ. ನೋಕಿಯಾದ ಉದಾಹರಣೆ ಕಿಸೆಯಲ್ಲಿ ಇರಲಿ. ಬಗ್ಗಲಾರದೆ ಬಿದ್ದವರಿಗೆಲ್ಲ ಅದನ್ನೇ ಕೊಡಬಹುದು, ಹಳಸುವುದಿಲ್ಲ.

ನಿಮ್ಮ ವಿಶ್ಲೇಷಣೆಯನ್ನು ನೀವೇ ನಂಬುವ ಹಂತ ಒಂದು ಬರುತ್ತದೆ. ಆಗ ಷೇರು ಕೊಳ್ಳಿ. ನಾನೂ ಕೊಂಡೆ. ಆ ಕಂಪನಿಯ ಹೆಸರು ಹೇಳುವುದಿಲ್ಲ, ಅದರ ಕಂದಕ ಎಷ್ಟು ಆಳ, ಕೋಟೆ ಎಷ್ಟು ಭದ್ರ ಎಂದು ಇದೇ ಕಟ್ಟೆಯ ಮೇಲೆ ಒಂದು ಇಡೀ ಬೇಸಿಗೆ ಹೇಳಿದ್ದೆ. ಎರಡು ಎಕರೆ ಗೋವಿನಜೋಳದ ದುಡ್ಡು ಆ ಕಂದಕಕ್ಕೆ ಹೋಯಿತು, ಇವತ್ತಿಗೂ ಮೇಲೆ ಬಂದಿಲ್ಲ. ಹೀಗಾದಾಗ ಗಾಬರಿಯಾಗಿ ಕಟ್ಟೆ ಬಿಡಬೇಡಿ. "ದೀರ್ಘಾವಧಿಗೆ ಹಾಕೇನಿ" ಎನ್ನಿ. ಮನೆಯವರು ಕೇಳಿದರೆ ಅದನ್ನೇ ಎನ್ನಿ, ಸೊಸೈಟಿಯ ಸೆಕ್ರೆಟರಿ ಬೆಳೆಸಾಲದ ಕಂತು ಕೇಳಿದರೂ ಅದನ್ನೇ ಎನ್ನಿ. ಅವರು ಒಪ್ಪುವುದಿಲ್ಲ, ಆದರೆ ಕೇಳುವುದನ್ನು ಬಿಡುತ್ತಾರೆ.

ಸಂಜೆ ಆರಕ್ಕೆ ಏಳಿ. ಹುಬ್ಬಳ್ಳಿಯಿಂದ ಹುಡುಗರು ವಾಪಸ್ ಬರುವ ಹೊತ್ತು. ಅವರಲ್ಲಿ ಒಂದಿಬ್ಬರು ದೊಡ್ಡ ಕಂಪನಿಗಳ ಗೋದಾಮಿನಲ್ಲಿ ಡಬ್ಬಿ ಎತ್ತಿ ಇಳಿಸಿ ಬಂದಿರುತ್ತಾರೆ, ಕೈ ನೋಯುತ್ತಿರುತ್ತದೆ, ಮಾತು ಒರಟಾಗಿರುತ್ತದೆ. ಹೋಗುವಾಗ ಚಹಾದಂಗಡಿಯ ಮುಂದಿನಿಂದ ಹೋಗಬೇಡಿ, ಹಿಂದಿನ ಓಣಿ ಹಿಡಿಯಿರಿ. ಅಲ್ಲಿ ಮೊಳೆಗೆ ತೂಗಿಬಿಟ್ಟ ಉದ್ರಿ ವಹಿಯಲ್ಲಿ ನನ್ನ ಹೆಸರಿನ ಮುಂದೆ ನಿನ್ನೆಗೆ 740 ರೂಪಾಯಿ ಆಗಿದೆ. ನಿಮ್ಮದನ್ನು ಬೇರೆ ಹಾಳೆಯಲ್ಲಿ ಬರೆಯಲು ಹೇಳಿ.